ಕಿಲಾರಿ ಗಾದ್ರಪ್ಪನ ಕಿವಿ

ನನ್ನ ಸೋದರಮಾವ ಗಾದ್ರಪ್ಪ ದನಗಳನ್ನು ಕಣ್ಣಿಂದ ಕಾಯುತ್ತಿರಲಿಲ್ಲ, ಕಿವಿಯಿಂದ ಕಾಯುತ್ತಿದ್ದ. ಬೇವಿನ ಮರಕ್ಕೆ ಒರಗಿ, ರುಮಾಲನ್ನು ಮುಖದ ಮೇಲೆ ಎಳೆದುಕೊಂಡು ಕೂತಿರುತ್ತಿದ್ದ. ನೋಡಿದವರು ಈ ಮನುಷ್ಯ ನಿದ್ದೆ ಹೊಡೆಯುವುದಕ್ಕೇ ಬಂದಿದ್ದಾನೆ ಅಂದುಕೊಳ್ಳಬೇಕು. ಅಷ್ಟರಲ್ಲಿ ರುಮಾಲಿನೊಳಗಿಂದ, "ಏ ಮುತ್ತೀ, ಅತ್ಲಾಗೆ ಹೋಗಬ್ಯಾಡ, ಹಾಳುಬಾವಿ ಐತೆ" ಎಂದು ಕೂಗು ಹೊರಡುತ್ತಿತ್ತು. ದಿಬ್ಬದ ಆಚೆ, ನಮ್ಮ ಯಾರ ಕಣ್ಣಿಗೂ ಬೀಳದ ಕಡೆ ಮೇಯುತ್ತಿದ್ದ ಮುತ್ತಿ ಎಂಬ ಹಸು ನಿಂತಲ್ಲೇ ನಿಂತುಬಿಡುತ್ತಿತ್ತು. ಒಂದೊಂದು ದನದ ಕೊರಳ ಗಂಟೆಗೂ ಒಂದೊಂದು ದನಿ. ಆ ದನಿಗಳೆಲ್ಲ ಅವನಿಗೆ ಮನೆಮಂದಿಯ ದನಿಯಷ್ಟೇ ಗುರುತಿದ್ದವು.

ಸಣ್ಣವಳಿದ್ದಾಗ ಅವನನ್ನು ಪರೀಕ್ಷೆ ಮಾಡುವುದೇ ನನಗೊಂದು ಆಟ. ರೊಪ್ಪದ ಬೇಲಿಗೆ, ಅಂದರೆ ದನ ಕೂಡುವ ಮುಳ್ಳುಬೇಲಿಯ ದೊಡ್ಡಿಗೆ, ಹಳೆಯ ಗಂಟೆಗಳನ್ನು ನೇತುಹಾಕಿರುತ್ತಿದ್ದರು. ಒಂದನ್ನು ಕದ್ದು ತಂದು ಅವನ ಬೆನ್ನ ಹಿಂದೆ ಅಲ್ಲಾಡಿಸುತ್ತಿದ್ದೆ. ತಿರುಗಿಯೂ ನೋಡದೆ, "ಇದು ಸತ್ತ ಬೆಳ್ಳಿದು. ಇಟ್ಟುಬಾರೇ ಕಳ್ಳಿ, ಅದರ ಜಾಗದಾಗೆ" ಅನ್ನುತ್ತಿದ್ದ. ಒಂದು ದಿನವೂ ತಪ್ಪಲಿಲ್ಲ. ನನಗೆ ಸಿಟ್ಟು ಬಂದು ಗಂಟೆಯನ್ನೇ ಅವನ ಬೆನ್ನಿಗೆ ಎಸೆದದ್ದೂ ಉಂಟು.

ಸಿಟ್ಟಿನ ಮಾತು ಬಂದದ್ದಕ್ಕೆ ನನ್ನ ಪರಿಚಯವನ್ನೂ ಹೇಳಿಬಿಡುತ್ತೇನೆ. ನಾನು ಪುಷ್ಪಾ. ಬಿಳಿಚೋಡಿನ ಬಸ್‌ಸ್ಟ್ಯಾಂಡಿನ ಎದುರು ರವಿಕೆ ಹೊಲಿಯುವ ಅಂಗಡಿ ಇಟ್ಟುಕೊಂಡಿದ್ದೇನೆ. ಕತ್ತರಿಗಿಂತ ಇವಳ ನಾಲಿಗೆ ಹರಿತ ಎಂದು ನಮ್ಮ ಹಟ್ಟಿಯವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ, ರವಿಕೆ ಹೊಲಿಸಲು ನನ್ನ ಬಳಿಗೇ ಬರಬೇಕಲ್ಲ.

ನಮ್ಮ ಹಟ್ಟಿ ಬಿಳಿಚೋಡಿನಿಂದ ಸ್ವಲ್ಪ ದೂರ. ಅಲ್ಲಿ ದೇವರಿಗೆ ಬಿಟ್ಟ ದನಗಳ ಒಂದು ಹಿಂಡು ಇದೆ. ಅವನ್ನು ಮಾರುವಂತಿಲ್ಲ, ನೊಗಕ್ಕೆ ಕಟ್ಟುವಂತಿಲ್ಲ, ಹಾಲು ಕರೆದು ಡೇರಿಗೆ ಹಾಕುವಂತಿಲ್ಲ. ಅವನ್ನು ಕಾಯುವವನೇ ಕಿಲಾರಿ. ಕಿಲಾರಿಯ ಕೋಲು ಹಿಡಿದವನಿಗೆ ಕಟ್ಟುಪಾಡು ಒಂದೆರಡಲ್ಲ. ಕಾಲಿಗೆ ಚಪ್ಪಲಿ ಇಲ್ಲ. ತನ್ನ ಅನ್ನ ತಾನೇ ಬೇಯಿಸಿಕೊಳ್ಳಬೇಕು. ಸಂಜೆ ದನ ಕೂಡಿ, ಹಿಂಡು ಹೋದಲ್ಲೆಲ್ಲ ಜೊತೆಗೇ ಹೋಗುವ ದೇವರ ಪೆಟ್ಟಿಗೆಗೆ ದೀಪ ತೋರಿಸಿ, ಆಮೇಲೆ ಒಂದೇ ಹೊತ್ತು ಊಟ. ಎಲ್ಲಕ್ಕಿಂತ ಮುಖ್ಯವಾದದ್ದು ಮೀಸಲು. ಕೈಗೆ ಏನೇ ಬರಲಿ, ಮೊದಲ ಪಾಲು ದೇವರದು. ಹೊಸ ರಾಗಿಯ ಮೊದಲ ಮುಷ್ಟಿ, ಕರು ಹಾಕಿದ ಹಸುವಿನ ಮೊದಲ ಹಾಲು, ಹೊಸ ಪಂಚೆಯ ಅಂಚಿನ ಒಂದು ಎಳೆ, ಎಲ್ಲ ಪೆಟ್ಟಿಗೆಯೊಳಗೋ ಪೆಟ್ಟಿಗೆಯ ಮುಂದೋ ಹೋಗಬೇಕು. ಪೆಟ್ಟಿಗೆಯನ್ನು ಹೆಂಗಸರು ಮುಟ್ಟುವಂತಿಲ್ಲ. ನಾನು ಮುಟ್ಟಿಲ್ಲ, ಮುಟ್ಟಬೇಕೆಂಬ ಆಸೆಯೂ ನನಗಿರಲಿಲ್ಲ.

ಮಾವ ಮದುವೆಯಾಗಲಿಲ್ಲ. ಮೀಸೆ ಮೂಡುವ ಮೊದಲೇ ಕೋಲು ಹಿಡಿದವನು ಅದನ್ನು ಕೆಳಗಿಡಲೇ ಇಲ್ಲ. ನನ್ನವ್ವ ಲಕ್ಷ್ಮಕ್ಕ ಅವನ ಅಕ್ಕ. "ಕೋಲು ಹೋದ ದಿನ ನನ್ನ ತಮ್ಮನೂ ಹೋದ ಅಂತ ತಿಳಕಳ್ರಿ" ಎಂದು ಅವಳು ಯಾವಾಗಲೂ ಹೇಳುತ್ತಿದ್ದಳು. ಆ ಕೋಲು ಅವನ ಕೈತಪ್ಪಿ ಹೋದದ್ದು ಹೇಗೆ ಎಂಬುದನ್ನೇ ನಾನೀಗ ಹೇಳಹೊರಟಿರುವುದು.

ನಮ್ಮ ಕಡೆ ಬೇಸಿಗೆಯಲ್ಲಿ ದನಕ್ಕೆ ಮೇವಿರುವುದಿಲ್ಲ. ಹಾಗಾಗಿ ಮಾವ ಹಿಂಡು ಹೊಡೆದುಕೊಂಡು ಹೊನ್ನಾಳಿ ದಾಟಿ, ನ್ಯಾಮತಿ ದಾಟಿ, ಸವಳಂಗದ ಕಡೆಗೆ ಹೋಗುವುದು ವಾಡಿಕೆ. ಆ ಕಡೆಯ ರೈತರು ಗೊಬ್ಬರದ ಆಸೆಗೆ ಹೊಲದಲ್ಲಿ ದನ ನಿಲ್ಲಿಸಿಕೊಳ್ಳುತ್ತಾರೆ. ಹಿಂಡು ನಿಂತ ಹೊಲದ ಪಕ್ಕ ಒಂದು ವರ್ಷ ಕಾಲುವೆ ಕೆಲಸ ನಡೆಯುತ್ತಿತ್ತು. ಗುಂಡಿಗಳಲ್ಲಿ ನೀರು ನಿಂತಿತ್ತು. ತಗಡಿನ ಶೆಡ್ಡುಗಳಲ್ಲಿ ದೂರದಿಂದ ಬಂದ ಕೂಲಿಯವರಿದ್ದರು. ಪಾಪ, ಅವರಲ್ಲೇ ಇಬ್ಬರು ಚಳಿಜ್ವರ ಬಂದು ಮಲಗಿದ್ದರಂತೆ. ಸೊಳ್ಳೆಗೆ ಕೂಲಿಯವನು ಬೇರೆ, ಕಿಲಾರಿ ಬೇರೆಯೇ?

ಮಾವನ ಬಳಿ ಫೋನಿಲ್ಲ. ರುಮಾಲಿನ ತುದಿಗೆ ನನ್ನ ನಂಬರಿನ ಚೀಟಿ ಕಟ್ಟಿ ಕಳಿಸುತ್ತಿದ್ದೆ. ಆ ಚೀಟಿ ನೋಡಿ ಸವಳಂಗದ ಕಡೆಯ ನರ್ಸು ದುರ್ಗಾಂಬಿಕಾ ಫೋನ್ ಮಾಡಿದರು. "ನಿಮ್ಮ ಮಾವಂಗೆ ಮಲೇರಿಯಾ ಐತ್ರಿ. ಬೆರಳು ಚುಚ್ಚಿ ನೋಡೀನಿ. ಮಿದುಳಿಗೆ ಏರೋ ಜಾತಿದು. ಮೂರು ದಿನದ ಗುಳಿಗೆ ಪಟ್ಟಿ ಕೊಟ್ಟೀನಿ. ನನ್ನೆದುರಿಗೇ ಇವತ್ತಿಂದು ನುಂಗ್ರಿ ಅಂದ್ರೆ, ದನ ಕೂಡಿ ಉಂಡ ಮ್ಯಾಲೆ ನುಂಗ್ತೀನಿ ಅಂತಾರೆ. ನೀವಾದ್ರೂ ಹೇಳ್ರಿ."

ಫೋನ್ ಅವನ ಕೈಗೆ ಕೊಡಿಸಿದೆ. "ಮಾವ, ಮೊದಲನೇ ದಿನ ಮೂರು ಗುಳಿಗೆ, ಆಮ್ಯಾಲೆ ದಿನಕ್ಕೊಂದು. ಪಟ್ಟಿ ಖಾಲಿಯಾಗಬೇಕು ನೋಡು. ಇಲ್ಲಾಂದ್ರೆ ನಾನೇ ಬಂದು ಗಂಟಲಿಗೆ ತುರುಕ್ತೀನಿ."

"ಖಾಲಿ ಮಾಡ್ತೀನಿ ಬಿಡವ್ವ. ಒಂದನ್ನೂ ಬಿಸಾಕಲ್ಲ" ಅಂದ.

ಮಾವ ಸುಳ್ಳು ಹೇಳುವವನಲ್ಲ. ಎರಡು ದಿನಕ್ಕೆ ಜ್ವರ ಇಳಿಯಿತು, ನಾನೂ ಮರೆತೆ. ಮುಂಗಾರು ಬಿದ್ದ ಮೇಲೆ ಹಿಂಡು ವಾಪಸ್ ಬಂತು. ಬಂದು ನಾಲ್ಕು ದಿನವೂ ಆಗಿರಲಿಲ್ಲ, ಮಾವ ರೊಪ್ಪದಲ್ಲಿ ನಡುಗುತ್ತಾ ಬಿದ್ದಿದ್ದಾನೆ ಎಂದು ಅವ್ವ ಅಂಗಡಿಗೆ ಓಡಿಬಂದಳು. ಹೋಗಿ ನೋಡಿದರೆ ಮೈ ಮೇಲೆ ಕೈಯಿಡುವಂತಿಲ್ಲ. ನನ್ನನ್ನು ನೋಡಿ, "ಬೆಳ್ಳೀ, ಬಂದೇನವ್ವ" ಎಂದು ಸತ್ತ ಹಸುವಿನ ಹೆಸರು ಕರೆದ. ಆಟೋಗೆ ಹಾಕಿಕೊಂಡು ದಾವಣಗೆರೆಯ ಆಸ್ಪತ್ರೆಗೆ ಕರೆದುಕೊಂಡು ಹೋದೆವು.

ಅದೇ ಜ್ವರ, ಅದೇ ಜಾತಿ. ಡಾಕ್ಟರು ಚಿಕ್ಕ ವಯಸ್ಸಿನವರು, ಮೆತ್ತಗಿನ ಮನುಷ್ಯ. ಮಾವನಿಗೆ ಸ್ವಲ್ಪ ಎಚ್ಚರ ಬಂದಾಗ, ಹಿಂದೆ ಕೊಟ್ಟ ಗುಳಿಗೆ ಪೂರ್ತಿ ತಗೊಂಡ್ರಾ ಎಂದು ಕೇಳಿದರು. ಮಾವ ಸೊಂಟದ ಸಂಚಿಗೆ ಕೈ ಹಾಕಿ ಖಾಲಿ ಪಟ್ಟಿ ತೆಗೆದು ತೋರಿಸಿದ. ಎಸೆದಿರಲಿಲ್ಲ, ನೀಟಾಗಿ ಮಡಚಿ ಇಟ್ಟುಕೊಂಡಿದ್ದ. ನಾನು ಎದೆಯುಬ್ಬಿಸಿ, "ನಮ್ಮ ಮಾವ ಮಾತು ಅಂದ್ರೆ ಮಾತು ಸಾರ್" ಅಂದೆ.

ಡಾಕ್ಟರ ಮುಖ ಸಣ್ಣದಾಯಿತು. ನನ್ನನ್ನು ಹೊರಗೆ ಕರೆದು ಬಿಡಿಸಿ ಹೇಳಿದರು. "ನೋಡಮ್ಮ, ಜನ ಗುಳಿಗೆ ಅರ್ಧಂಬರ್ಧ ತಿಂದು ಬಿಟ್ಟರೆ ಮೈಯೊಳಗೆ ಉಳಿದ ರೋಗಾಣು ಆ ಔಷಧಿಗೆ ಪಳಗುತ್ತೆ. ಆಮೇಲೆ ಆ ಔಷಧಿಗೆ ಅದು ಬಗ್ಗೋದಿಲ್ಲ. ನಿಮ್ಮ ಮಾವ ಪೂರ್ತಿ ತಗೊಂಡೂ ಜ್ವರ ಮರಳಿದೆ ಅಂದರೆ, ಹಂಗೆ ಪಳಗಿದ್ದೇ ಇವರಿಗೆ ಅಂಟಿರಬೇಕು. ರಕ್ತ ಪರೀಕ್ಷೆಗೆ ಹೊರಗೆ ಕಳಿಸ್ತೀವಿ, ರಿಪೋರ್ಟ್ ಬರೋದು ತಡ. ಅಲ್ಲಿವರೆಗೆ ಕಾಯೋ ಹಂಗಿಲ್ಲ. ಹಳೇ ಕಾಲದ ಔಷಧಿ ಒಂದಿದೆ, ಕ್ವಿನೈನ್. ಅದನ್ನ ಕೊಡ್ತೀವಿ."

"ಕೊಡ್ರಿ ಸಾರ್, ಅದಕ್ಕೇನು?"

"ತುಂಬಾ ಕಹಿ. ತಲೆ ಸುತ್ತುತ್ತೆ, ಕಿವಿ ಗುಂಯ್ ಅನ್ನುತ್ತೆ. ನಿಲ್ಲಿಸಿದ ಮೇಲೆ ಸರಿಹೋಗುತ್ತೆ. ಎಲ್ಲೋ ಒಬ್ಬರಿಗೆ ಕಿವಿ ವಾಪಸ್ ಬರದೇ ಇರಬಹುದು. ಈಗ ಜೀವ ಮುಖ್ಯ ಅಲ್ವಾ?"

ಜೀವ ಮುಖ್ಯ. ನಾನೂ ಹಾಗೇ ಅಂದೆ. ಯಾರಾದರೂ ಹಾಗೇ ಅಂದಾರು.

ಒಂದು ವಾರ ಔಷಧಿ ನಡೆಯಿತು, ಮೊದಲು ಬಾಟಲಿ, ಆಮೇಲೆ ಗುಳಿಗೆ. ಮಾವ ಆಸ್ಪತ್ರೆಯಲ್ಲಿ ಕೊಟ್ಟ ಕಾಟ ಅಷ್ಟಿಷ್ಟಲ್ಲ. ನರ್ಸು ಮೊಟ್ಟೆ ತಂದಿಟ್ಟರೆ ಮುಖ ತಿರುಗಿಸಿದ, ನಮ್ಮಲ್ಲಿ ಕೋಳಿಯ ಸಂಬಂಧವೇ ಇಲ್ಲ. ಬ್ರೆಡ್ಡು ಕೊಟ್ಟರೆ ಬೇರೆಯವರ ಕೈಯ ಅಡುಗೆ ಎಂದ. ಗುಳಿಗೆ ಕೈಗಿಟ್ಟರೆ ಅಂಗೈ ಮುಚ್ಚಿ ಕೂತುಬಿಡುತ್ತಿದ್ದ. "ಪುಷ್ಪಾ, ನನ್ನ ಹಟ್ಟಿಗೆ ಕಳಿಸವ್ವ. ಇಲ್ಲಿ ಮೀಸಲು ತೆಗೆಯಾಕೆ ಆಗಲ್ಲ."

"ನಿನ್ನ ದೇವರು ದಾವಣಗೆರೆ ಬಸ್ಸು ಹತ್ತಿ ಬರ್ತಾನಾ ಇಲ್ಲಿಗೆ? ಬಾಯಿ ತೆಗಿ!" ಎಂದು ಗದರಿದೆ. ಅವನು ಊಟದ ಮಾತಾಡುತ್ತಿದ್ದಾನೆ ಎಂದುಕೊಂಡಿದ್ದೆ. ಒಂದೊಂದು ಗುಳಿಗೆಯನ್ನೂ ನನ್ನ ಕೈಯಾರೆ ಅವನ ನಾಲಿಗೆ ಮೇಲಿಟ್ಟು, ನುಂಗಿದನೋ ಇಲ್ಲವೋ ಎಂದು ಬಾಯಿ ತೆಗೆಸಿ ನೋಡಿದೆ. ಕಣ್ಣಲ್ಲಿ ನೀರು ತುಂಬಿಕೊಂಡು ನುಂಗುತ್ತಿದ್ದ. ಕಹಿಗೆ ಅಳುತ್ತಾನೆ ಎಂದುಕೊಂಡೆ.

ಮಧ್ಯದಲ್ಲೊಂದು ದಿನ, "ಕಿವಿಯಾಗೆ ಜೀರುಂಡೆ ಕುಂತೈತೆ" ಅಂದ. ಡಾಕ್ಟರಿಗೆ ಹೇಳಿದೆವು. ಅವರು ಔಷಧಿಯ ಅಳತೆ ನೋಡಿ ಸ್ವಲ್ಪ ಇಳಿಸಿದರು, ಪೂರ್ತಿ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಜ್ವರ ಗೆಲ್ಲುತ್ತಿತ್ತು. ಕೊನೆಗೆ ಜ್ವರ ಸೋತಿತು. ಮಾವ ಎದ್ದು ಕೂತ. ಮಾತಾಡಿಸಿದರೆ ನಮ್ಮ ಬಾಯನ್ನೇ ನೋಡುತ್ತಿದ್ದ, ಸುಸ್ತು ಎಂದುಕೊಂಡೆವು.

ಹಟ್ಟಿಗೆ ಕರೆತಂದ ದಿನ ನನ್ನ ಕಣ್ಣಿಗೆ ಕಟ್ಟಿದಂತಿದೆ. ಮಾವ ಬಂದನೆಂದು ದನಗಳಿಗೆ ವಾಸನೆಯಲ್ಲೇ ತಿಳಿಯಿತು. ಹಿಂಡಿಗೆ ಹಿಂಡೇ ಗಲಗಲ ಅನ್ನುತ್ತಾ ಬೇಲಿಗೆ ಬಂತು, ಮುತ್ತಿ ಮುಂದೆ ನುಗ್ಗಿ ಅವನ ಕುತ್ತಿಗೆ ನೆಕ್ಕಿತು. ಆ ಗಂಟೆಗಳ ಸದ್ದಿಗೆ ನಾವು ಒಬ್ಬರ ಮಾತು ಒಬ್ಬರಿಗೆ ಕೇಳದೆ ನಿಂತಿದ್ದೆವು. ಮಾವ ಮುತ್ತಿಯ ಕೊರಳನ್ನು ಒಮ್ಮೆ ನೋಡಿದ, ನಮ್ಮನ್ನು ಒಮ್ಮೆ ನೋಡಿದ.

"ಇವುಗಳ ಗಂಟೆ ನಾಲಿಗೆ ಯಾಕೆ ಕಿತ್ತೀರಿ?" ಎಂದು ಕೇಳಿದ.

ಕಿವಿ ವಾಪಸ್ ಬರುತ್ತದೆ ಎಂದು ಕಾದೆವು. ದೀಪಾವಳಿ ಹೋಯಿತು, ಸಂಕ್ರಾಂತಿ ಹೋಯಿತು. ಕಿವಿ ಡಾಕ್ಟರ ಹತ್ತಿರ ಹೋದರೆ ನರಕ್ಕೇ ಪೆಟ್ಟಾಗಿದೆ ಅಂದರು. ಮಷೀನು ಹಾಕಿಸಿದರೆ, "ಬರೇ ಗಿಣಿ ಕೂಗಿದಂಗಾಗ್ತತೆ" ಎಂದು ತೆಗೆದಿಟ್ಟ. ಹಟ್ಟಿಯ ಹಿರಿಯ ಚಿಕ್ಕಹನುಮಂತಪ್ಪ ಒಳ್ಳೆಯ ಮನುಷ್ಯ. "ಕಿವಿ ಹೋದ್ರೆ ಏನಾತು, ಕಣ್ಣೈತೆ, ಕೈಕಾಲೈತೆ. ಕೋಲು ಗಾದ್ರಪ್ಪನ ಹತ್ರಾನೇ ಇರಲಿ" ಎಂದು ಎಲ್ಲರೆದುರು ಹೇಳಿಬಿಟ್ಟ. ಮಾವ ಈಗ ರುಮಾಲು ಮುಖಕ್ಕೆ ಎಳೆದುಕೊಂಡು ಕೂರುತ್ತಿರಲಿಲ್ಲ. ದಿನವಿಡೀ ನಿಂತೇ ಇರುತ್ತಿದ್ದ, ಕತ್ತು ಅತ್ತ ಇತ್ತ ತಿರುಗಿಸುತ್ತಾ.

ಆ ನಡುವೆ ಆಸ್ಪತ್ರೆಯಿಂದ ಫೋನ್ ಬಂತು, ಅದೇ ಮೆತ್ತಗಿನ ಡಾಕ್ಟರು. ಹೊರಗೆ ಕಳಿಸಿದ್ದ ರಕ್ತದ ರಿಪೋರ್ಟ್ ಬಂದಿದೆಯಂತೆ. "ಇದು ಪಳಗಿದ ರೋಗಾಣು ಅಲ್ಲಮ್ಮ, ಮಾಮೂಲಿದು. ಮೊದಲಿನ ಗುಳಿಗೆಗೇ ಬಗ್ಗಬೇಕಿತ್ತು. ಪೂರ್ತಿ ತಗೊಂಡಿದ್ದರು ಅನ್ನೋದು ಖಾತ್ರೀನಾ?"

ಪಿತ್ತ ನೆತ್ತಿಗೇರಿತು. "ಖಾಲಿ ಪಟ್ಟಿ ನೀವೇ ನೋಡಿದ್ರಲ್ಲ ಸಾರ್! ಕಿವಿ ಕಳಕೊಂಡೋನನ್ನ ಸುಳ್ಳ ಅಂತೀರಾ?" ಎಂದು ಫೋನ್ ಕುಕ್ಕಿದೆ. ಅವತ್ತು ಹೊಲಿದ ರವಿಕೆಯ ತೋಳೆರಡೂ ಉಲ್ಟಾ ಆದವು.

ಬೇಸಿಗೆ ಹತ್ತಿರ ಬಂದಾಗ ಮುತ್ತಿ ತುಂಬಿದ ಗಬ್ಬ. ಒಂದು ಮಧ್ಯಾಹ್ನ ಲಂಟಾನಾ ಪೊದೆಯ ಮರೆಗೆ ಹೋಗಿ ಕರು ಹಾಕಿದೆ. ಕರು ಇನ್ನೂ ಎದ್ದು ನಿಂತಿಲ್ಲ, ನಾಯಿಗಳ ಗುಂಪು ಬಂದಿದೆ. ಮುತ್ತಿ ಕೂಗಿದ ಕೂಗು ದೂರದ ರಸ್ತೆಯಲ್ಲಿ ಹೋಗುತ್ತಿದ್ದವರಿಗೂ ಕೇಳಿಸಿತಂತೆ. ಮಾವ ಪೊದೆಯ ಈಚೆ ಬದಿಯಲ್ಲೇ ನಿಂತಿದ್ದ, ಉಳಿದ ದನಗಳ ಮೇಲೆ ಕಣ್ಣಿಟ್ಟುಕೊಂಡು, ಬೆನ್ನು ಪೊದೆಯ ಕಡೆಗೆ. ರಸ್ತೆಯವರು ಓಡಿಬಂದು ಅವನ ಭುಜ ಹಿಡಿದು ತಿರುಗಿಸುವ ಹೊತ್ತಿಗೆ ಕರುವಿನದು ಏನೂ ಉಳಿದಿರಲಿಲ್ಲ. ಮುತ್ತಿಯ ಮೂತಿಯೆಲ್ಲ ರಕ್ತ.

ಯಾರೂ ಅವನಿಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೂ ಕೇಳುತ್ತಿರಲಿಲ್ಲ. ಮಾರನೆಯ ದಿನ ಅವನೇ ಬಂದು ಕೋಲನ್ನು ಗುಡಿಯ ಮೆಟ್ಟಿಲ ಮೇಲೆ ಮಲಗಿಸಿದ. "ನನ್ನ ಕೈಲಿ ಇನ್ನಾಗಲ್ಲ. ದೇವರ ಕರಾ ನಾಯಿಪಾಲಾತು" ಅಂದ. ಕಿವುಡರಿಗೆ ತಮ್ಮ ದನಿಯ ಅಂದಾಜಿರುವುದಿಲ್ಲವಲ್ಲ, ಹಟ್ಟಿಗೆಲ್ಲ ಕೇಳುವಂತೆ ಕಿರುಚಿ ಹೇಳಿದ.

ಹೊಸ ಕಿಲಾರಿ ಯಾರು ಎಂದು ನೋಡಿದರೆ ಚಿಕ್ಕಹನುಮಂತಪ್ಪನ ಮಗ ಮಾರುತೇಶನೇ ಸರಿ ಎಂದಾಯಿತು. ಮದುವೆಯಾಗಿದ್ದರೂ ಕೋಲು ಹಿಡಿದಷ್ಟು ದಿನ ರೊಪ್ಪದಲ್ಲೇ ಇರುತ್ತೇನೆಂದು ಮಾತು ಕೊಟ್ಟ. ಕೋಲು ಕೈ ಬದಲಾಗುವಾಗ ಪೆಟ್ಟಿಗೆ ತೆರೆದು, ಹಳೆಯ ಕಿಲಾರಿ ಕೂಡಿಟ್ಟ ಮೀಸಲನ್ನು ಎಲ್ಲರಿಗೂ ತೋರಿಸಿ, ಹೊಸಬನಿಗೆ ಒಪ್ಪಿಸುವುದು ಪದ್ಧತಿ. ಗುಡಿಯ ಮುಂದೆ ಎಲ್ಲರೂ ಸೇರಿದೆವು, ಹೆಂಗಸರು ಹಿಂದೆ. ಚಿಕ್ಕಹನುಮಂತಪ್ಪ ಒಂದೊಂದನ್ನೇ ತೆಗೆದು ಎತ್ತಿ ಹಿಡಿಯುತ್ತಿದ್ದ. ಒಣಗಿದ ರಾಗಿ ತೆನೆ. ಪಂಚೆಯ ಎಳೆ. ಬೆಳ್ಳಿ ಸತ್ತಾಗ ಕತ್ತರಿಸಿಟ್ಟ ಬಾಲದ ಕೂದಲು. ಆಮೇಲೆ ಅರಿಶಿನದ ಬಟ್ಟೆಯ ಒಂದು ಸಣ್ಣ ಗಂಟು. ಬಿಚ್ಚಿದರೆ ಮೂರು ಗುಳಿಗೆ.

"ಇದೇನಪ್ಪಾ ಇದು?" ಎಂದು ಚಿಕ್ಕಹನುಮಂತಪ್ಪ ಕೈಸನ್ನೆ ಮಾಡಿ ಕೇಳಿದ.

ಮಾವ ಹೆಮ್ಮೆಯಿಂದ ಹೇಳಿದ: "ಸವಳಂಗದಾಗೆ ಜ್ವರ ಬಂದಿತ್ತಲ್ಲ, ಆವಾಗಿಂದು. ಮೊದಲನೇ ದಿನದ್ದು ದೇವರಿಗೆ ತೆಗೆದಿಟ್ಟೆ. ಉಳಿದಿದ್ದು ನಾನು ತಿಂದೆ."

ಮುದುಕಿಯರು "ಅಯ್ಯೋ ನಮ್ಮಪ್ಪನೇ" ಎಂದು ಕೆನ್ನೆ ಕೆನ್ನೆ ಬಡಿದುಕೊಂಡರು. ಸಾಯೋ ಜ್ವರದಲ್ಲೂ ಮೀಸಲು ತಪ್ಪಿಸದ ಕಿಲಾರಿಯನ್ನು ಯಾರಾದರೂ ಕಂಡಿದ್ದೀರಾ ಎಂದು ಗಂಡಸರು ತಲೆದೂಗಿದರು. ಚಿಕ್ಕಹನುಮಂತಪ್ಪ ಆ ಗಂಟನ್ನು ಕಣ್ಣಿಗೊತ್ತಿಕೊಂಡ. ಮಾರುತೇಶ ಮಾವನ ಕಾಲಿಗೆ ಬಿದ್ದ.

ಮೊದಲ ದಿನದ ಮೂರು ಗುಳಿಗೆ! ಆ ಮೂರರಲ್ಲೇ ಎರಡು ಬೇರೆ ಜಾತಿಯ ಔಷಧಿ, ಆ ದಿನ ಬಿಟ್ಟರೆ ಮತ್ತೆ ಇಲ್ಲ ಎಂದು ನರ್ಸು ಫೋನಿನಲ್ಲೇ ನನಗೆ ಹೇಳಿದ್ದರು. ಅದನ್ನು ಪೆಟ್ಟಿಗೆಗೆ ಹಾಕಿ, ಬರೀ ಎರಡು ಗುಳಿಗೆ ನುಂಗಿದ್ದಾನೆ. ಜ್ವರ ಸತ್ತಂತೆ ಮಾಡಿ ಮೈಯೊಳಗೇ ಉಳಿದಿದೆ. ಅವನ್ನು ಅವತ್ತೇ ನುಂಗಿದ್ದರೆ ಜ್ವರ ಮರಳುತ್ತಿರಲಿಲ್ಲ. ಮರಳದಿದ್ದರೆ ಆ ಹಾಳು ಕ್ವಿನೈನೂ ಇರುತ್ತಿರಲಿಲ್ಲ, ಕಿವಿಯೂ ಹೋಗುತ್ತಿರಲಿಲ್ಲ, ಕರುವೂ ಉಳಿಯುತ್ತಿತ್ತು. "ಥೂ ನಿಮ್ಮ! ಏನಂತ ಕೈಮುಗೀತೀರಿ? ಆ ಮೂರು ಗುಳಿಗೇಲಿ ಇವನ ಕಿವಿ ಐತೆ! ಜ್ವರ ಬಂದಿದ್ದು ಇವನಿಗಾ, ದೇವರಿಗಾ?" ಎಂದು ಕಿರುಚಿದೆ. ಹೆಂಗಸರು ನನ್ನ ಬಾಯಿ ಮುಚ್ಚಿ ಹಿಂದಕ್ಕೆ ಎಳೆದರು. ಮಾವ ನನ್ನ ಕಡೆ ನೋಡಿ ನಕ್ಕ. ಎಲ್ಲರ ಹಾಗೆ ನಾನೂ ಅವನನ್ನು ಹೊಗಳುತ್ತಿದ್ದೇನೆ ಎಂದುಕೊಂಡ, ಪಾಪ.

ಕೋಲು ಕೊಟ್ಟರೂ ಮಾವ ಹಿಂಡು ಬಿಡಲಿಲ್ಲ. ಬೇಸಿಗೆಗೆ ಮಾರುತೇಶ ಸವಳಂಗದ ಕಡೆ ಹೊರಟಾಗ ಇವನೂ ಹಿಂದೆ ಹಿಂದೆ ಹೋದ, ದಾರಿ ತೋರಿಸುತ್ತೇನೆಂದು. ಅದೇ ಹೊಲ, ಅದೇ ಕಾಲುವೆ, ಅದೇ ಗುಂಡಿಗಳು. ನಾನು ಸೊಳ್ಳೆಪರದೆ ಕಟ್ಟಿ ಕಳಿಸಿದ್ದೆ. ಅದನ್ನು ಎಳೆಗರುಗಳಿಗೆ ಹೊದಿಸಿದ್ದರಂತೆ. ಇಂಥವರನ್ನು ಕಟ್ಟಿಕೊಂಡು ಏಗಬೇಕು ನಾನು.

ದುರ್ಗಾಂಬಿಕಾ ಸಿಸ್ಟರು ಮತ್ತೆ ಫೋನ್ ಮಾಡಿದರು. "ಈ ಸಲ ಮಾರುತೇಶಂಗೆ ಬಂದೈತ್ರಿ. ಅದೇ ಜಾತಿ. ಗುಳಿಗೆ ಕೊಡಾಕೆ ಹೋದ್ರೆ ಸಂಜೆ ತಗಳ್ತೀನಿ ಅಂತಾನೆ. ಹೋದ ಸಲದ ಕಥೆ ನೀವು ಹೇಳಿದ್ರಲ್ಲ, ನಂಗೆ ಭಯ ಆತು. ಪಟ್ಟಿ ನನ್ನ ಹತ್ರಾನೇ ಇಟ್ಕಂಡೀನಿ. ಬೇಗ ಬರ್ರಿ."

ಹೊಲಿಯುತ್ತಿದ್ದ ಬಟ್ಟೆಯನ್ನು ಮಷೀನಿನ ಸೂಜಿಯಲ್ಲೇ ಬಿಟ್ಟು ಬಸ್ಸು ಹತ್ತಿದೆ. ದಾವಣಗೆರೆ, ಹೊನ್ನಾಳಿ, ನ್ಯಾಮತಿ, ಬಸ್ಸಿಂದ ಬಸ್ಸಿಗೆ ಹಾರುತ್ತಾ ದೇವರನ್ನು ಬೈದೆ, ಮಾವನನ್ನು ಬೈದೆ, ನಿಧಾನ ಹೋಗುವ ಡ್ರೈವರನನ್ನೂ ಬೈದೆ.

ಹೊಲ ಮುಟ್ಟಿದಾಗ ಇನ್ನೂ ಬಿಸಿಲಿತ್ತು. ಮಾರುತೇಶ ಕಂಬಳಿ ಹೊದ್ದು ನಡುಗುತ್ತಿದ್ದ. ಮಾವ ಅವನ ತಲೆಯ ಬಳಿ ಕೂತು ಒದ್ದೆ ಬಟ್ಟೆ ಹಾಕುತ್ತಿದ್ದ. ನನ್ನನ್ನು ಕಂಡು ಎಂದಿನ ದೊಡ್ಡ ದನಿಯಲ್ಲಿ, "ಪುಷ್ಪಾ, ಬಂದದ್ದು ಚಲೋ ಆತು. ಇವನಿಗೆ ಹೇಳೀನಿ, ಮೊದಲನೇ ದಿನದ್ದು ಪೂರಾ ದೇವರಿಗೆ ಇಡು ಅಂತ. ಆಸ್ಪತ್ರೆಯಾಗೆ ನಾನು ಮೀಸಲು ತೆಗೀದೆ ಎಲ್ಲಾ ತಿಂದುಬಿಟ್ಟೆ ನೋಡು, ಅದಕ್ಕೇ ದೇವರು ಕಿವಿ ಕಿತ್ಕಂಡ. ಇವಂದು ಹಂಗಾಗಬಾರದು" ಅಂದ.

ಇಷ್ಟು ದಿನವೂ ಇವನು ಹೀಗೆ ಲೆಕ್ಕ ಹಾಕಿಕೊಂಡಿದ್ದಾನೆ! ಮೊದಲ ಸಲ ಪಾಲು ಕೊಟ್ಟೆ, ಕಿವಿ ಉಳಿಯಿತು. ಎರಡನೆಯ ಸಲ ಪಾಲು ತಿಂದೆ, ಕಿವಿ ಹೋಯಿತು. ಆ ಗುಳಿಗೆಗಳನ್ನು ಒಂದೊಂದಾಗಿ ಅವನ ನಾಲಿಗೆ ಮೇಲಿಟ್ಟವಳು ನಾನು. ನನ್ನ ಮೇಲೆ ಮಾತ್ರ ಅವನಿಗೆ ಒಂದು ಚೂರೂ ಮುನಿಸಿರಲಿಲ್ಲ.

ಮೊದಲು ಉಪಾಯ ಮಾಡಿ ನೋಡಿದೆ. ದೇವರಿಗೇ ಬೇರೆ ಪಟ್ಟಿ ಕೊಟ್ಟುಬಿಟ್ಟರೆ? ಸಿಸ್ಟರ ಬಳಿ ತಾರೀಖು ಮುಗಿದು ಎಸೆಯಲು ತೆಗೆದಿಟ್ಟ ಪಟ್ಟಿ ಒಂದಿತ್ತು. ಅದನ್ನು ಮಾವನಿಗೆ ಕೊಟ್ಟು ಪೆಟ್ಟಿಗೆಯ ಕಡೆ ಕೈ ತೋರಿಸಿದೆ, ಇನ್ನೊಂದನ್ನು ತೋರಿಸಿ ಮಾರುತೇಶನ ಬಾಯಿಗೆ ಎಂದು ಸನ್ನೆ ಮಾಡಿದೆ. ಅವನು ಎರಡನ್ನೂ ನೋಡಿ, ದೇವರದ್ದನ್ನು ನನ್ನ ಕೈಗೇ ವಾಪಸ್ ಇಟ್ಟ.

"ಹಂಗಲ್ಲವ್ವ. ನಮ್ಮ ಬಾಯಿಂದ ತೆಗೆದಿಟ್ಟರೆ ಅದು ಮೀಸಲು. ಬಿಟ್ಟಿ ಬಂದಿದ್ದನ್ನ ಇಟ್ಟರೆ ದೇವರಿಗೆ ಯಾಕೆ?"

ಮಾರುತೇಶನ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತೆ. "ಲೋ, ನಿನ್ನ ಹೆಂಡ್ತಿ ಅನಿತಾ ಬಸುರಿ ಅಲ್ಲೇನೋ? ಅದರ ಮುಖ ನೋಡಬೇಕೋ ಬ್ಯಾಡೋ? ಆ ಮಗು ಕೂಗಿದ್ದು ನಿನ್ನ ಕಿವಿಗೆ ಬೀಳಬೇಕೋ ಬ್ಯಾಡೋ? ನುಂಗು!"

"ಅಕ್ಕಾ, ದೊಡ್ಡಪ್ಪ ನೋಡ್ತಾ ಕುಂತಾನೆ. ಕಿವಿ ಹೋದ ಮನಷ್ಯ ನಂಗೋಸ್ಕರ ಹೇಳ್ತಾನೆ. ಅವನ ಎದುರಿಗೆ ಹೆಂಗೆ ನುಂಗಲಿ?"

ಮಾವನಿಗೆ ಬೆನ್ನು ಕೊಟ್ಟು, ಸೆರಗು ಅಗಲ ಮಾಡಿ, ಇಬ್ಬರ ನಡುವೆ ನಿಂತೆ. ಸಿಸ್ಟರು ನೀರು ಹಿಡಿದರು. ಮಾರುತೇಶ ಕಣ್ಣು ಮುಚ್ಚಿಕೊಂಡು ಮೂರನ್ನೂ ನುಂಗಿದ. ತಿರುಗಿ ನೋಡಿದರೆ ಮಾವ ಎದ್ದು ನಿಂತಿದ್ದ. ಸೆರಗು ಎಷ್ಟು ಅಗಲವಾದರೇನು, ಅವನಿಗೆ ಎಲ್ಲ ಗೊತ್ತಾಗಿತ್ತು. ಬೈಯಲಿಲ್ಲ. ಹೋಗಿ ದನಗಳ ನಡುವೆ ಕೂತ. ಆ ಸಂಜೆ ಒಲೆ ಹಚ್ಚಲಿಲ್ಲ.

ಮೂರು ದಿನವೂ ನಾನು ಸಿಸ್ಟರ ಮನೆಯ ಹೊರಕೋಣೆಯಲ್ಲಿ ಮಲಗಿ, ಬೆಳಗಾದರೆ ಹೊಲಕ್ಕೆ ಬಂದು, ಅವರು ಗುಳಿಗೆ ನುಂಗಿಸುವುದನ್ನು ಕಣ್ಣಾರೆ ನೋಡಿದೆ. ಜ್ವರ ಇಳಿಯಿತು. ಆಮೇಲೂ ನಾನು ಊರಿಗೆ ಹೋಗಲಿಲ್ಲ, ಮಾರುತೇಶನಿಗೆ ಬಲ ಬರಲಿ ಎಂದು ಉಳಿದೆ. ಮಾವ ಮಾತ್ರ ಮಾರುತೇಶನ ಮುಖವನ್ನೇ ಕಾಯುತ್ತಿದ್ದ. ಅವನು ಕಿವಿ ತುರಿಸಿಕೊಂಡರೆ ಸಾಕು, ಇವನ ಮುಖ ಕಪ್ಪಿಡುತ್ತಿತ್ತು.

ಮಾರುತೇಶ ಎದ್ದು ಓಡಾಡುವಂತಾದ ಮೇಲೆ ಒಂದು ಬೆಳಿಗ್ಗೆ, ಅವನು ಬದುವಿನ ಮೇಲೆ ಕೂತು ಕೋಲಿಗೆ ಎಣ್ಣೆ ಹಚ್ಚುತ್ತಿದ್ದ. ಮಾವ ಮುತ್ತಿಯ ಕೊರಳ ಗಂಟೆ ಬಿಚ್ಚಿಕೊಂಡ. ಬರಿಗಾಲಲ್ಲಿ ಸದ್ದಿಲ್ಲದೆ ಹೋಗಿ ಮಾರುತೇಶನ ಬೆನ್ನ ಹಿಂದೆ ನಿಂತು ಗಂಟೆ ಅಲ್ಲಾಡಿಸಿದ.

ಮಾರುತೇಶ ತಿರುಗಿದ. "ಏನು ದೊಡ್ಡಪ್ಪ, ಮುತ್ತಿ ಗಂಟೆ ಯಾಕೆ ಬಿಚ್ಚಿದಿ?"

ಮಾವ ಅವನ ಭುಜ ಹಿಡಿದು ಮುಂದಕ್ಕೆ ತಿರುಗಿಸಿದ. ಗಂಟೆಗೆ ಹೆಬ್ಬೆರಳು ಕೊಟ್ಟು, ಮೆಲ್ಲಗೆ, ಇನ್ನೂ ಮೆಲ್ಲಗೆ ಅಲ್ಲಾಡಿಸಿದ. ಮಾರುತೇಶ ಮತ್ತೆ ತಿರುಗಿದ. ದೂರ ಹೋಗಿ ಅಲ್ಲಾಡಿಸಿದ. ಅಲ್ಲಿಂದಲೂ ಮಾರುತೇಶ ತಿರುಗಿದ. ತನಗೆ ಕೇಳದ ಗಂಟೆಯನ್ನು ಮಾವ ಮತ್ತೆ ಮತ್ತೆ ಅಲ್ಲಾಡಿಸುತ್ತಿದ್ದ. ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡು ನೋಡುತ್ತಿದ್ದೆ.

ಕೊನೆಗೆ ಗಂಟೆ ಹಿಡಿದುಕೊಂಡೇ ನನ್ನ ಹತ್ತಿರ ಬಂದು ಕೂತ. ಮಾರುತೇಶನ ಕಿವಿ ಉಳಿದದ್ದಕ್ಕೆ ಅವನ ಮುಖದಲ್ಲಿ ಖುಷಿ ಇತ್ತು, ಅದನ್ನು ಮೊದಲು ಹೇಳಬೇಕು. ಆಮೇಲೆ ಆ ಖುಷಿ ಮೆಲ್ಲಗೆ ಇಳಿಯಿತು.

"ಅವನು ದೇವರಿಗೆ ಏನೂ ಇಡಲಿಲ್ಲ. ಎಲ್ಲಾ ತಿಂದ. ಅವನ ಕಿವಿ ಐತೆ" ಅಂದ. ಎಂದೂ ಇಲ್ಲದೆ ಅವತ್ತು ದನಿ ಸಣ್ಣದಾಗಿತ್ತು. "ಹಂಗಾರೆ ನಂದು ಯಾಕೆ ಹೋತು, ಪುಷ್ಪಾ?"

ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಗುಡಿಯ ಮುಂದೆ ಕಿರುಚಿದ್ದು ಅದನ್ನೇ. ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಮಸೆದುಕೊಂಡು ಬಂದದ್ದೂ ಅದನ್ನೇ. ಸನ್ನೆಯಲ್ಲಿ ಹೇಳುವುದೂ ಕಷ್ಟವಿರಲಿಲ್ಲ. ಮೂರು ಬೆರಳು ಎತ್ತಿ, ಪೆಟ್ಟಿಗೆ ತೋರಿಸಿ, ಅವನ ಕಿವಿ ಮುಟ್ಟಿದ್ದರೆ ಆಗುತ್ತಿತ್ತು. ಅವನ ಭಕ್ತಿಯೇ ಅವನ ಕಿವಿ ತಿಂದಿತು, ಮುತ್ತಿಯ ಕರು ತಿಂದಿತು ಎಂದು ಅವನಿಗೆ ತಿಳಿಯುತ್ತಿತ್ತು.

ಹಟ್ಟಿಗೆಲ್ಲ ಬಾಯಿಬಡುಕಿಯಾದ ನಾನು ಗೊತ್ತಿಲ್ಲವೆಂದು ತಲೆ ಅಲ್ಲಾಡಿಸಿದೆ. ಸುಳ್ಳು ಹೇಳಿ ಗೊತ್ತಿಲ್ಲದ ಮಾವ ಅದನ್ನು ನಂಬಿದ. ಎದ್ದು ಹೋಗಿ, ಗಂಟೆಯನ್ನು ಮುತ್ತಿಯ ಕೊರಳಿಗೆ ಕಟ್ಟಿದ.